ಟೈ ಕಾಬ್ ಅವರ ಆ ಎರಡು ಹಿಟ್‌ಗಳು: ಬೇಸ್‌ಬಾಲ್ ದಾಖಲೆ ಪುಸ್ತಕಗಳ ಕತೆ

(ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1985ರ ಸೆಪ್ಟೆಂಬರ್ 11ರ ರಾತ್ರಿ ಅಮೆರಿಕದ ಸಿನ್ಸಿನಾಟಿಯ ಮೈದಾನದಲ್ಲಿ ಪೀಟ್ ರೋಸ್ ಒಂದು ಚೆಂಡನ್ನು ಎಡಭಾಗಕ್ಕೆ ಹೊಡೆದು ಓಡಿ ಮೊದಲ ಬೇಸ್ ಮುಟ್ಟಿದರು. ಅದು ಅವರ 4,192ನೇ ಹಿಟ್. 1928ರಲ್ಲಿ ಆಟ ಬಿಟ್ಟ ಟೈ ಕಾಬ್ ಅವರ ಹೆಸರಿನಲ್ಲಿದ್ದ 4,191 ಹಿಟ್‌ಗಳ ದಾಖಲೆ ಐವತ್ತೇಳು ವರ್ಷಗಳ ನಂತರ ಮುರಿಯಿತು. ಪಂದ್ಯ ನಿಂತಿತು. ಪಟಾಕಿ ಸಿಡಿದವು. ಜನ ಎದ್ದು ನಿಂತು ನಿಮಿಷಗಟ್ಟಲೆ ಚಪ್ಪಾಳೆ ತಟ್ಟಿದರು. ಬೇಸಿನ ಮೇಲೆ ನಿಂತಿದ್ದ ರೋಸ್ ಕಣ್ಣೀರು ಹಾಕಿದರು.

ಆದರೆ ಲೆಕ್ಕ ಬಿಡಿಸಿ ನೋಡಿದರೆ ಆ ದಾಖಲೆ ಮೂರು ದಿನ ಮೊದಲೇ ಮುರಿದುಹೋಗಿತ್ತು. ಕಾಬ್ ಹೊಡೆದದ್ದು 4,191 ಅಲ್ಲ, 4,189. ಸೆಪ್ಟೆಂಬರ್ 8ರಂದು ಷಿಕಾಗೋದಲ್ಲಿ ರೋಸ್ ಎರಡು ಹಿಟ್ ಹೊಡೆದಿದ್ದರು, 4,190 ಮತ್ತು 4,191. ನಿಜವಾದ ದಾಖಲೆ ಬಿದ್ದದ್ದು ಅಲ್ಲಿ, ಆ ಮಧ್ಯಾಹ್ನ. ಇದು ಎಷ್ಟೋ ಕಾಲದ ಮೇಲೆ ಬೆಳಕಿಗೆ ಬಂದ ಸಂಗತಿ ಎಂದುಕೊಳ್ಳಬೇಡಿ. 1981ರಲ್ಲೇ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಬೇಸ್‌ಬಾಲ್ ಆಡಳಿತಕ್ಕೂ ಗೊತ್ತಿತ್ತು. ಗೊತ್ತಿದ್ದೂ ಹಳೆಯ ಅಂಕಿಯನ್ನೇ ಇಟ್ಟುಕೊಂಡರು.

ಆ ಎರಡು ಹಿಟ್‌ಗಳು ಎಲ್ಲಿಂದ ಬಂದವು, ಅವನ್ನು ಹುಡುಕಿದವರು ಯಾರು, ಆಡಳಿತ ಯಾಕೆ ಒಪ್ಪಲಿಲ್ಲ ಎಂಬುದರ ಸುತ್ತ ನನ್ನ ಇವತ್ತಿನ ಮಾತು. ಆಟಗಾರರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅವರ ಲೆಕ್ಕ ಬರೆದಿಟ್ಟವರ ಬಗ್ಗೆ, ಆ ಲೆಕ್ಕವನ್ನು ತಿದ್ದಲು ಆಯುಷ್ಯ ಸವೆಸಿದವರ ಬಗ್ಗೆ ನನಗೆ ತುಂಬ ಗೌರವವಿದೆ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕು ಅನ್ನಿಸಿತು.

ನಾವೆಲ್ಲ ಕ್ರಿಕೆಟ್ ನೋಡಿ ಬೆಳೆದವರಾದ್ದರಿಂದ ಮೊದಲು ಎರಡು ಮಾತು. ಬೇಸ್‌ಬಾಲ್‌ನಲ್ಲಿ ಪಿಚರ್ ಎಸೆದ ಚೆಂಡನ್ನು ಹೊಡೆದು, ಎದುರು ತಂಡದ ತಪ್ಪಿನ ನೆರವಿಲ್ಲದೆ, ಬ್ಯಾಟರ್ ಸುರಕ್ಷಿತವಾಗಿ ಒಂದು ಬೇಸ್ (ಮೈದಾನದಲ್ಲಿ ಓಡಿ ಮುಟ್ಟಬೇಕಾದ ನಾಲ್ಕು ಗುರುತುಗಳಲ್ಲೊಂದು) ತಲುಪಿದರೆ ಅದು ಹಿಟ್. ಹಿಟ್‌ಗಳನ್ನು ಬ್ಯಾಟಿಂಗ್ ಅವಕಾಶಗಳಿಂದ ಭಾಗಿಸಿದರೆ ಬ್ಯಾಟಿಂಗ್ ಸರಾಸರಿ. ಪಿಚರ್ ನಾಲ್ಕು ಸಲ ಅಡ್ಡಾದಿಡ್ಡಿ ಎಸೆದು ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋದರೆ ಅದಕ್ಕೆ ವಾಕ್ ಎನ್ನುತ್ತಾರೆ. ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ಹತ್ತು ಅವಕಾಶದಲ್ಲಿ ಮೂರು ಹಿಟ್ ಬಂದರೆ .300, ಒಳ್ಳೆಯ ಬ್ಯಾಟರ್. ನಾಲ್ಕು ಬಂದರೆ .400, ಅಂಥವರು ತೀರ ಅಪರೂಪ. ಅಲ್ಲಿನ ಎರಡು ಪ್ರಮುಖ ಲೀಗ್‌ಗಳಾದ ನ್ಯಾಷನಲ್ ಲೀಗ್ ಮತ್ತು ಅಮೆರಿಕನ್ ಲೀಗ್‌ಗಳಲ್ಲಿ 1941ರ ಟೆಡ್ ವಿಲಿಯಮ್ಸ್ ಅವರ .406 ಆದಮೇಲೆ ಒಬ್ಬರೂ ಒಂದು ಸೀಸನ್‌ನಲ್ಲಿ ಆ ಗೆರೆ ದಾಟಿಲ್ಲ. ಇಷ್ಟು ತಿಳಿದಿದ್ದರೆ ಮುಂದಿನದಕ್ಕೆ ಸಾಕು.

ಈ ಲೆಕ್ಕ ಬರೆಯುವ ಪದ್ಧತಿಯ ಬೇರು ಇರುವುದು ಕ್ರಿಕೆಟ್‌ನಲ್ಲಿ. ಹೆನ್ರಿ ಚಾಡ್ವಿಕ್ ಹುಟ್ಟಿದ್ದು 1824ರಲ್ಲಿ, ಇಂಗ್ಲೆಂಡಿನ ಎಕ್ಸೆಟರ್ ಊರಿನಲ್ಲಿ. ಹುಡುಗನಾಗಿದ್ದಾಗಲೇ ಮನೆಯವರ ಜೊತೆ ಬ್ರೂಕ್ಲಿನ್‌ಗೆ ಬಂದರು, ಬೆಳೆದು ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯತೊಡಗಿದರು. 1856ರಲ್ಲಿ ಕ್ರಿಕೆಟ್ ಪಂದ್ಯವೊಂದನ್ನು ಮುಗಿಸಿಕೊಂಡು ಬರುವಾಗ ಹೊಬೋಕನ್ ಊರಿನ ಎಲೀಸಿಯನ್ ಫೀಲ್ಡ್ಸ್‌ನಲ್ಲಿ ಬೇಸ್‌ಬಾಲ್ ನಡೆಯುತ್ತಿದ್ದುದನ್ನು ಕಂಡರು. ಆಟ ಮನಸ್ಸಿಗೆ ಹಿಡಿಯಿತು. ಕ್ರಿಕೆಟ್‌ನ ಸ್ಕೋರ್ ಪಟ್ಟಿ ಅವರಿಗೆ ಕೈಪಾಠ. ಪ್ರತಿ ಆಟಗಾರನ ಹೆಸರಿನ ಮುಂದೆ ಅವನು ಮಾಡಿದ್ದನ್ನು ಅಂಕಿಗಳಲ್ಲಿ ಬರೆದಿಡುವ ಆ ಕ್ರಮವನ್ನೇ ಹೊಸ ಆಟಕ್ಕೆ ಹೊಂದಿಸಿದರು. 1859ರ ಹೊತ್ತಿಗೆ ಬಾಕ್ಸ್ ಸ್ಕೋರ್ ಎಂಬ ಪುಟ್ಟ ಕೋಷ್ಟಕ ರೂಪುಗೊಂಡಿತು. ಮರುವರ್ಷದಿಂದ ಅವರ ಸಂಪಾದಕತ್ವದಲ್ಲಿ ಒಂದು ಡೈಮ್ (ಹತ್ತು ಸೆಂಟ್) ಬೆಲೆಯ ವಾರ್ಷಿಕ ಕೈಪಿಡಿ ಹೊರಬರತೊಡಗಿತು. ಪಿಚರ್ ಒಬ್ಬ ಬ್ಯಾಟರನ್ನು ಸ್ಟ್ರೈಕ್ ಔಟ್ ಮಾಡಿದರೆ ಇವತ್ತಿಗೂ ಸ್ಕೋರ್ ಹಾಳೆಯಲ್ಲಿ ‘ಕೆ’ ಎಂಬ ಅಕ್ಷರ ಬೀಳುತ್ತದಲ್ಲ, ಅದೂ ಚಾಡ್ವಿಕ್ ಅವರದೇ.

ಒಂದು ಬಾಕ್ಸ್ ಸ್ಕೋರ್ ಎಂದರೆ ಎಷ್ಟು ಜಾಗ? ಪತ್ರಿಕೆಯ ಒಂದು ಕಾಲಮ್ಮಿನಲ್ಲಿ ಬೆರಳುದ್ದ. ಆದರೆ ಅದು ತಾಳೆ ನೋಡಬಹುದಾದ ದಾಖಲೆ. ಒಂದು ತಂಡದ ಬ್ಯಾಟರ್‌ಗಳು ಹೊಡೆದ ಹಿಟ್‌ಗಳ ಮೊತ್ತವೂ ಎದುರು ಪಿಚರ್‌ಗಳು ಬಿಟ್ಟುಕೊಟ್ಟ ಹಿಟ್‌ಗಳ ಮೊತ್ತವೂ ಸರಿಹೋಗಲೇಬೇಕು. ಸರಿಹೋಗದಿದ್ದರೆ ಎಲ್ಲೋ ಒಂದು ಕಡೆ ತಪ್ಪಿದೆ. ಈ ಗುಣ ಇಲ್ಲದೇ ಹೋಗಿದ್ದರೆ ನಾನು ಮುಂದೆ ಹೇಳುವ ಯಾವ ತಪ್ಪೂ ಸಿಕ್ಕಿಬೀಳುತ್ತಿರಲಿಲ್ಲ.

ಲೀಗ್ ಕಚೇರಿಯ ಲೆಕ್ಕ ನಡೆಯುತ್ತಿದ್ದುದು ನಮ್ಮ ಹಳೆಯ ಅಂಗಡಿಗಳ ಕಿರ್ದಿ-ಖಾತೆಯ ಹಾಗೆ. ಪ್ರತಿ ಪಂದ್ಯಕ್ಕೂ ಒಬ್ಬ ಅಧಿಕೃತ ಸ್ಕೋರರ್ ಇರುತ್ತಿದ್ದರು, ಸಾಮಾನ್ಯವಾಗಿ ಆ ಊರಿನ ಪತ್ರಕರ್ತರೇ. ಅವರು ಪಂದ್ಯದ ಹಾಳೆಯನ್ನು ಅಂಚೆಯಲ್ಲಿ ಕಳಿಸುತ್ತಿದ್ದರು, ಅದು ಕಿರ್ದಿ. ಕಚೇರಿಯಲ್ಲಿ ಪ್ರತಿ ಆಟಗಾರನಿಗೂ ಒಂದೊಂದು ಪುಟ, ದಿನಕ್ಕೊಂದು ಸಾಲು, ಅದು ಖಾತೆ. ಗುಮಾಸ್ತರು ಕಿರ್ದಿ ನೋಡಿ ಖಾತೆಗೆ ಏರಿಸುತ್ತಿದ್ದರು, ವರ್ಷದ ಕೊನೆಗೆ ಕೈಯಲ್ಲೇ ಕೂಡುತ್ತಿದ್ದರು. ಮೊತ್ತಗಳು ವಾರ್ಷಿಕ ಗೈಡ್‌ಗಳಲ್ಲಿ, ಸ್ಪಾಲ್ಡಿಂಗ್ ಗೈಡ್, ರೀಚ್ ಗೈಡ್‌ಗಳಲ್ಲಿ ಅಚ್ಚಾಗುತ್ತಿದ್ದವು. ಒಮ್ಮೆ ಅಚ್ಚಾದರೆ ಮುಗಿಯಿತು, ಮುಂದಿನವರೆಲ್ಲ ಅದನ್ನೇ ಎತ್ತಿ ಬರೆಯುವವರು.

ಈಗ 1910ಕ್ಕೆ ಬರೋಣ.

ಆ ವರ್ಷ ಹ್ಯೂ ಚಾಮರ್ಸ್ ಎಂಬ ಕಾರು ತಯಾರಕರು, ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಪಡೆದವರಿಗೆ ತಮ್ಮ ಕಂಪನಿಯ ಒಂದು ಕಾರು ಬಹುಮಾನ ಎಂದು ಸಾರಿದರು. 1910ರಲ್ಲಿ ಕಾರು ಎಂದರೆ ಸಣ್ಣ ಮಾತಲ್ಲ. ಅಮೆರಿಕನ್ ಲೀಗ್‌ನಲ್ಲಿ ಪೈಪೋಟಿ ಇಬ್ಬರ ನಡುವೆ: ಡೆಟ್ರಾಯಿಟ್‌ನ ಟೈ ಕಾಬ್, ಕ್ಲೀವ್‌ಲ್ಯಾಂಡ್‌ನ ನ್ಯಾಪ್ ಲಾಜೊವೆ. ಕಾಬ್ ಅಸಾಧ್ಯ ಪ್ರತಿಭೆಯವರು, ಆದರೆ ಎದುರಾಳಿಗಳಲ್ಲಿ ಬಹಳ ಜನಕ್ಕೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಲಾಜೊವೆ ಎಲ್ಲರಿಗೂ ಬೇಕಾದವರು. ಸೀಸನ್ ಮುಗಿಯುತ್ತ ಬಂದಾಗ ಮುಂದಿದ್ದವರು ಕಾಬ್. ಕಾರು ತಮ್ಮದೇ ಎಂಬ ನಂಬಿಕೆಯಲ್ಲಿ ಅವರು ಕೊನೆಯ ಎರಡು ಪಂದ್ಯ ಆಡಲೇ ಇಲ್ಲ.

ಅಕ್ಟೋಬರ್ 9, ಸೀಸನ್ನಿನ ಕೊನೆಯ ದಿನ. ಸೇಂಟ್ ಲೂಯಿಸ್‌ನಲ್ಲಿ ಕ್ಲೀವ್‌ಲ್ಯಾಂಡ್‌ಗೂ ಅಲ್ಲಿನ ಬ್ರೌನ್ಸ್ ತಂಡಕ್ಕೂ ಒಂದೇ ದಿನ ಎರಡು ಪಂದ್ಯ. ಬ್ರೌನ್ಸ್ ಮ್ಯಾನೇಜರ್ ಜ್ಯಾಕ್ ಓಕಾನರ್ ಮೂರನೇ ಬೇಸಿನಲ್ಲಿ ನಿಲ್ಲುತ್ತಿದ್ದ ರೆಡ್ ಕಾರಿಡನ್ ಎಂಬ ಹೊಸ ಹುಡುಗನಿಗೆ, ಲಾಜೊವೆ ಬಂದಾಗ ಹಿಂದೆ, ತೀರ ಹಿಂದೆ ಹೋಗಿ ನಿಲ್ಲು ಎಂದು ಹೇಳಿದರು. ಲಾಜೊವೆಗೆ ಅದು ಕಂಡಿತು. ಬ್ಯಾಟ್ ಬೀಸದೆ ಚೆಂಡಿಗೆ ಮೆಲ್ಲಗೆ ತಾಗಿಸಿ ಮುಂದೆ ಉರುಳಿಸುವ ಹೊಡೆತಕ್ಕೆ ಬಂಟ್ ಎನ್ನುತ್ತಾರೆ. ಅವರು ಮತ್ತೆ ಮತ್ತೆ ಬಂಟ್ ಮಾಡಿದರು. ಕಾರಿಡನ್ ಓಡಿ ಬಂದು ಚೆಂಡು ಎತ್ತುವಷ್ಟರಲ್ಲಿ ಲಾಜೊವೆ ಬೇಸ್ ತಲುಪಿಯಾಗಿರುತ್ತಿತ್ತು. ದಿನ ಮುಗಿದಾಗ ಎಂಟಕ್ಕೆ ಎಂಟು ಹಿಟ್. ಇನ್ನೊಂದು ಬಂಟ್‌ಗೆ ಸ್ಕೋರರ್ ಹಿಟ್ ಕೊಡಲಿಲ್ಲ. ಬ್ರೌನ್ಸ್ ತಂಡದ ಹ್ಯಾರಿ ಹೊವೆಲ್ ಆ ಸ್ಕೋರರ್‌ಗೆ ಚೀಟಿ ಕಳಿಸಿ, ಅದನ್ನೂ ಹಿಟ್ ಎಂದು ಬರೆದರೆ ಒಂದು ಹೊಸ ಸೂಟು ಹೊಲಿಸಿಕೊಡುವುದಾಗಿ ಆಸೆ ತೋರಿಸಿದರು. ಸ್ಕೋರರ್ ಬಗ್ಗಲಿಲ್ಲ. ಈ ಕತೆಯಲ್ಲಿ ನನಗೆ ಅತ್ಯಂತ ಇಷ್ಟವಾದ ವ್ಯಕ್ತಿ ಆ ಸ್ಕೋರರ್. ಇಡೀ ಮೈದಾನ ಒಂದು ಸುಳ್ಳಿಗೆ ಕೈಜೋಡಿಸಿ ನಿಂತಿದ್ದಾಗ ಪೆನ್ಸಿಲ್ ಹಿಡಿದ ಒಬ್ಬರು ಕಂಡದ್ದನ್ನೇ ಬರೆದರು.

ಗದ್ದಲವೆದ್ದಿತು. ಲೀಗ್ ಅಧ್ಯಕ್ಷ ಬ್ಯಾನ್ ಜಾನ್ಸನ್ ವಿಚಾರಣೆ ನಡೆಸಿದರು. ಓಕಾನರ್, ಹೊವೆಲ್ ಇಬ್ಬರೂ ಕೆಲಸ ಕಳೆದುಕೊಂಡರು. ಲಾಜೊವೆ ಅವರ ಎಂಟು ಹಿಟ್‌ಗಳನ್ನು ಮಾತ್ರ ಜಾನ್ಸನ್ ಹಾಗೆಯೇ ಬಿಟ್ಟರು. ಆಮೇಲೆ ಲೀಗ್ ಕಚೇರಿ ಅಧಿಕೃತ ಲೆಕ್ಕ ಪ್ರಕಟಿಸಿತು: ಕಾಬ್ 509 ಅವಕಾಶಗಳಲ್ಲಿ 196 ಹಿಟ್, .385. ಲಾಜೊವೆ 591ರಲ್ಲಿ 227, .384. ಗೆದ್ದವರು ಕಾಬ್. ಚಾಮರ್ಸ್ ಜಾಣರು, ಇಬ್ಬರಿಗೂ ಒಂದೊಂದು ಕಾರು ಕೊಟ್ಟು ಕೈಮುಗಿದರು.

ಎಪ್ಪತ್ತು ವರ್ಷ ಈ ಅಂಕಿಗಳನ್ನು ಯಾರೂ ಪ್ರಶ್ನಿಸಲಿಲ್ಲ. ಪೀಟ್ ಪಾಮರ್ ಎಂಬ ಸಂಖ್ಯಾಶಾಸ್ತ್ರಾಸಕ್ತರು ಲೀಗಿನ ಆ ಹಳೆಯ ಖಾತೆ ಪುಟಗಳನ್ನು ಕುಳಿತು ಓದಿದರು. ಕಾಬ್ ಅವರ ಪುಟದಲ್ಲಿ ಸೆಪ್ಟೆಂಬರ್ ಕೊನೆಯ ವಾರ ಒಂದು ಪಂದ್ಯ ಎರಡು ಸಲ ಏರಿತ್ತು. ಸೆಪ್ಟೆಂಬರ್ 24ರಂದು ಬಾಸ್ಟನ್ ವಿರುದ್ಧ ಒಂದೇ ದಿನ ನಡೆದ ಎರಡು ಪಂದ್ಯಗಳಲ್ಲಿ ಎರಡನೆಯದು ಅದು. ಮೂರು ಅವಕಾಶ, ಎರಡು ಹಿಟ್. ಅದೇ ಸಾಲು ಮರುದಿನದ ತಾರೀಖಿನಲ್ಲೂ ಇದೆ. ಡೆಟ್ರಾಯಿಟ್‌ನ ಉಳಿದ ಆಟಗಾರರ ಪುಟಗಳಲ್ಲಿ ಈ ಎರಡನೇ ನಮೂದಿಗೆ ಯಾರೋ ಗೀಟು ಎಳೆದು ತೆಗೆದುಹಾಕಿದ್ದರು. ಕಾಬ್ ಅವರ ಪುಟದಲ್ಲಿ ಗೀಟು ಬಿದ್ದಿರಲಿಲ್ಲ.

ಕಳೆದು ನೋಡಿ. 196ರಲ್ಲಿ 2 ಹೋದರೆ 194. 509ರಲ್ಲಿ 3 ಹೋದರೆ 506. ಸರಾಸರಿ .383. ಲಾಜೊವೆ ಅವರದು .384. ಅಂದರೆ 1910ರ ಬ್ಯಾಟಿಂಗ್ ಕಿರೀಟ ಲಾಜೊವೆ ಅವರಿಗೆ ಸೇರಬೇಕಾದದ್ದು. ಕಾಬ್ ಅವರ ಒಟ್ಟು ಹಿಟ್‌ಗಳು 4,191ರಿಂದ 4,189ಕ್ಕೆ ಇಳಿಯುವುದೂ ಇಲ್ಲಿಂದಲೇ.

ಗೀಟು ಬೇಕೆಂದೇ ಬಿಟ್ಟದ್ದೋ, ಕಣ್ತಪ್ಪೋ? ಸೇಂಟ್ ಲೂಯಿಸ್‌ನ ಮೋಸದ ಫಲ ಲಾಜೊವೆಗೆ ಸಿಗಬಾರದು ಎಂದು ಕಚೇರಿಯಲ್ಲಿ ಯಾರಾದರೂ ಎಣಿಸಿದ್ದಿರಬಹುದೆ? ಹಾಗೆಂದು ಊಹಿಸುವವರಿದ್ದಾರೆ. ಊಹೆಗೆ ಆಧಾರ ಸಾಲದು, ಹಾಗಾಗಿ ನಾನು ಅದನ್ನು ಮುಂದುವರಿಸುವುದಿಲ್ಲ. ಆದರೆ ಒಂದು ವಿಚಿತ್ರವನ್ನು ಗಮನಿಸಿ. ಲಾಜೊವೆ ಅವರ ಹಿಟ್‌ಗಳು ಮೈದಾನದಲ್ಲಿ ನಿಜವಾಗಿ ನಡೆದಂಥವು, ಆದರೆ ಅವುಗಳ ಹಿಂದೆ ಮೋಸವಿತ್ತು. ಕಾಬ್ ಅವರ ಎರಡು ಹಿಟ್‌ಗಳ ವಿಚಾರದಲ್ಲಿ ಕಾಬ್ ಯಾವ ಮೋಸವನ್ನೂ ಮಾಡಿರಲಿಲ್ಲ, ಆದರೆ ಆ ಹಿಟ್‌ಗಳು ನಡೆದೇ ಇರಲಿಲ್ಲ. ದಾಖಲೆ ಪುಸ್ತಕ ಎರಡನ್ನೂ ಒಂದೇ ಅಚ್ಚುಮೊಳೆಯಲ್ಲಿ ಮುದ್ರಿಸಿತು.

1981ರಲ್ಲಿ ‘ದಿ ಸ್ಪೋರ್ಟಿಂಗ್ ನ್ಯೂಸ್’ ಪತ್ರಿಕೆ ಇದನ್ನು ಪ್ರಕಟಿಸಿದಾಗ ಬೇಸ್‌ಬಾಲ್ ಆಡಳಿತದ ಆಗಿನ ಮುಖ್ಯಸ್ಥ, ಕಮಿಷನರ್ ಬೋವಿ ಕ್ಯೂನ್, ಇಷ್ಟು ಕಾಲ ಒಪ್ಪಿಕೊಂಡು ಬಂದದ್ದನ್ನು ಬದಲಿಸುವುದಿಲ್ಲ ಎಂಬ ನಿಲುವು ತಾಳಿದರು. ಈ ನಿಲುವನ್ನು ನಾನು ಒಪ್ಪಲಾರೆ. ಅಧ್ಯಕ್ಷರ ತೀರ್ಪು, ಸಮಿತಿಯ ನಿರ್ಣಯ ಹಳೆಯದಾದಷ್ಟೂ ಗಟ್ಟಿಯಾಗುತ್ತದೆ ಎಂದರೆ ಅರ್ಥವಿದೆ. ಕೂಡುವ ಲೆಕ್ಕದ ತಪ್ಪು ಹಳೆಯದಾದರೆ ಹಳೆಯ ತಪ್ಪಾಗುತ್ತದೆ, ಅಷ್ಟೆ.

ಇದೇ ಲಾಜೊವೆ ಅವರದು ಇನ್ನೊಂದು ಪ್ರಸಂಗ ಇದೆ. 1901, ಅಮೆರಿಕನ್ ಲೀಗ್ ಪ್ರಮುಖ ಲೀಗಾಗಿ ಆರಂಭವಾದ ವರ್ಷ. ಲಾಜೊವೆ 543 ಅವಕಾಶದಲ್ಲಿ 229 ಹಿಟ್ ಹೊಡೆದು .422 ಗಳಿಸಿದರೆಂದು ಲೆಕ್ಕವಾಗಿತ್ತು. ಅಚ್ಚುಮನೆಯಲ್ಲಿ 229 ಹೋಗಿ 220 ಆಯಿತು. ಸರಾಸರಿ ಸರಿ, ಹಿಟ್ ತಪ್ಪು. ಮುಂದೆ ಒಂದು ದಿನ ಯಾರೋ ಶ್ರದ್ಧಾವಂತರು 220ನ್ನು 543ರಿಂದ ಭಾಗಿಸಿ ನೋಡಿದರು, .405 ಬಂತು. ಸರಿ, ಸರಾಸರಿಯೇ ತಪ್ಪಿರಬೇಕೆಂದು .422 ಅಳಿಸಿ .405 ಎಂದು ‘ತಿದ್ದಿದರು’. ದಶಕಗಳ ಕಾಲ ಅದೇ ನಿಂತಿತು. ಬಾಕ್ಸ್ ಸ್ಕೋರ್‌ಗಳನ್ನು ಕತ್ತರಿಸಿ ಕೂಡಿಹಾಕುವ ಹವ್ಯಾಸದ ಜಾನ್ ಟ್ಯಾಟರ್ಸಾಲ್ 1950ರ ದಶಕದಲ್ಲಿ ಒಂದೊಂದೇ ಪಂದ್ಯ ಕೂಡಿ ನೋಡಿ ಆ ಒಂಬತ್ತು ಹಿಟ್‌ಗಳನ್ನು ಮರಳಿ ಕೊಡಿಸಿದರು. ಇನ್ನೂ ಹುಡುಕಿದಾಗ 544ಕ್ಕೆ 232 ಎಂದಾಯಿತು. ಈಗ ಪುಸ್ತಕಗಳಲ್ಲಿರುವುದು .426. ತಿದ್ದುವವರೂ ಮೂಲಕ್ಕೆ ಹೋಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಲೆಕ್ಕ ಸರಿಯಿದ್ದೂ ನಿಯಮದಿಂದಾಗಿ ಅಂಕಿ ವಿಚಿತ್ರವಾಗಿರುವುದೂ ಉಂಟು. 1887ರಲ್ಲಿ ಒಂದು ವರ್ಷದ ಮಟ್ಟಿಗೆ ವಾಕ್‌ಗಳನ್ನೂ ಹಿಟ್ ಎಂದು ಎಣಿಸಿದರು. ಟಿಪ್ ಓನೀಲ್ ಎಂಬುವರ ಸರಾಸರಿ .492ಕ್ಕೆ ಏರಿತು. ವಾಕ್ ತೆಗೆದರೆ .435. ಷಿಕಾಗೋ ತಂಡದ ಮೈದಾನವೊಂದರ ಬೇಲಿ ಎಷ್ಟು ಹತ್ತಿರವಿತ್ತೆಂದರೆ ಅದನ್ನು ದಾಟಿದ ಚೆಂಡಿಗೆ ಎರಡೇ ಬೇಸ್ ಕೊಡುತ್ತಿದ್ದರು. 1884ರಲ್ಲಿ ಆ ಸ್ಥಳೀಯ ನಿಯಮ ಕೈಬಿಟ್ಟು ಹೋಮ್ ರನ್, ಅಂದರೆ ನಾಲ್ಕೂ ಬೇಸ್ ಸುತ್ತಿ ಬರುವ ಹೊಡೆತ, ಎಂದು ಕೊಟ್ಟರು. ಹಿಂದಿನ ವರ್ಷ ಎರಡೇ ಹೋಮ್ ರನ್ ಹೊಡೆದಿದ್ದ ನೆಡ್ ವಿಲಿಯಮ್ಸನ್ ಆ ವರ್ಷ 27 ಹೊಡೆದರು, 25 ಆ ಮೈದಾನದಲ್ಲೇ. ಆ ದಾಖಲೆ ಬೇಬ್ ರೂತ್ 1919ರಲ್ಲಿ 29 ಹೊಡೆಯುವವರೆಗೆ ನಿಂತಿತು. 1961ರಲ್ಲಿ ರೋಜರ್ ಮಾರಿಸ್ 61 ಹೊಡೆದು ರೂತ್ ಅವರ 60ನ್ನು ದಾಟಿದಾಗ, ಸೀಸನ್ 154 ಪಂದ್ಯಗಳಿಂದ 162ಕ್ಕೆ ಹಿಗ್ಗಿದೆ ಎಂಬ ಕಾರಣಕ್ಕೆ ಎರಡನ್ನೂ ಬೇರೆಬೇರೆಯಾಗಿ ಪಟ್ಟಿ ಮಾಡಿದರು. ಮಾರಿಸ್ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಇತ್ತೆಂದು ಜನ ಈಗಲೂ ಹೇಳುತ್ತಾರೆ; ಅಧಿಕೃತ ಪುಸ್ತಕದಲ್ಲಿ ಅಂಥ ಚಿಹ್ನೆ ಇರಲಿಲ್ಲ. ಬೇರೆಬೇರೆ ಪಟ್ಟಿ ಮಾಡುವ ಪದ್ಧತಿ 1991ರಲ್ಲಿ ಕೊನೆಗೊಂಡಿತು. ಆ ಹೊತ್ತಿಗೆ ಮಾರಿಸ್ ತೀರಿಕೊಂಡು ಆರು ವರ್ಷವಾಗಿತ್ತು.

ಬೇಸ್‌ಬಾಲ್ ಮಾತ್ರ ಹೀಗೆ ಎಂದುಕೊಳ್ಳಬೇಡಿ. ಡಬ್ಲ್ಯು. ಜಿ. ಗ್ರೇಸ್ ಅವರ ಪ್ರಥಮ ದರ್ಜೆ ಶತಕಗಳು 126ಓ 124ಓ, ಜ್ಯಾಕ್ ಹಾಬ್ಸ್ ಅವರದು 197ಓ 199ಓ ಎಂಬುದರಲ್ಲಿ ಕ್ರಿಕೆಟ್ ಪುಸ್ತಕಗಳಲ್ಲೂ ಒಮ್ಮತವಿಲ್ಲ. ಯಾವ ಪಂದ್ಯ ಪ್ರಥಮ ದರ್ಜೆಯದು ಎಂದು ಯಾರು ಹೇಳಬೇಕು ಎಂಬ ಪ್ರಶ್ನೆಯೇ ಅಲ್ಲೂ ಇರುವುದು. ಆ ಪ್ರಶ್ನೆ ಬೇಸ್‌ಬಾಲ್‌ನಲ್ಲಿ ಎಷ್ಟು ದೊಡ್ಡ ಅನ್ಯಾಯಕ್ಕೆ ಎಡೆಮಾಡಿತು ಎಂಬುದಕ್ಕೆ ಈಗ ಬರುತ್ತೇನೆ.

1960ರ ದಶಕದ ಕೊನೆಯಲ್ಲಿ ಡೇವಿಡ್ ನೆಫ್ಟ್ ಅವರ ನೇತೃತ್ವದ ಒಂದು ತಂಡ ಬೇಸ್‌ಬಾಲ್ ಇತಿಹಾಸದ ಎಲ್ಲ ಲೆಕ್ಕವನ್ನೂ ಮೊದಲಿನಿಂದ ಮಾಡಲು ಹೊರಟಿತು. ಊರೂರಿನ ಗ್ರಂಥಾಲಯಗಳಿಗೆ ಹೋಗಿ ಹಳೆಯ ಪತ್ರಿಕೆಗಳ ಬಾಕ್ಸ್ ಸ್ಕೋರ್‌ಗಳನ್ನು ಬರೆದುಕೊಂಡು ಬಂದು ಕಂಪ್ಯೂಟರಿಗೆ ಏರಿಸಿದರು. ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ದಿಗ್ಗಜರ ಗೌರವಾಲಯ ಹಾಲ್ ಆಫ್ ಫೇಮ್‌ನ ಇತಿಹಾಸಕಾರ ಲೀ ಆಲನ್ ಜೀವಮಾನವಿಡೀ ಕೂಡಿಸಿದ್ದ ಆಟಗಾರರ ಜನನ, ಮರಣದ ವಿವರಗಳೂ ಅದಕ್ಕೆ ಸೇರಿದವು. ಒಂದೇ ಒಂದು ಪಂದ್ಯ ಆಡಿ ಮರೆಯಾದವರ ಗುರುತು ಹಿಡಿಯಲು ಅವರು ಸಂಬಂಧಿಕರಿಗೆ ಪತ್ರ ಬರೆಯುತ್ತಿದ್ದರು, ಸ್ಮಶಾನಗಳಿಗೂ ಹೋಗುತ್ತಿದ್ದರು. 1969ರಲ್ಲಿ ಮ್ಯಾಕ್‌ಮಿಲನ್ ಸಂಸ್ಥೆ ಅದನ್ನು ಎರಡು ಸಾವಿರಕ್ಕೂ ಹೆಚ್ಚು ಪುಟಗಳ ವಿಶ್ವಕೋಶವಾಗಿ ಹೊರತಂದಿತು. ಅದು ಹೊರಬರುವ ಕೆಲವೇ ತಿಂಗಳ ಮೊದಲು ಆಲನ್ ತೀರಿಕೊಂಡಿದ್ದರು.

ಈ ಪುಸ್ತಕಕ್ಕಾಗಿ ಬೇಸ್‌ಬಾಲ್ ಆಡಳಿತ ಐದು ಜನರ ವಿಶೇಷ ದಾಖಲೆ ಸಮಿತಿ ರಚಿಸಿತ್ತು. ಹಳೆಯ ನಿಯಮಗಳ ಗೊಂದಲ ಬಿಡಿಸುವುದು ಅದರ ಕೆಲಸ. ಒಮ್ಮೆ ಅದು ಬೇಬ್ ರೂತ್ ಅವರ ಹೋಮ್ ರನ್‌ಗಳನ್ನು 714ರಿಂದ 715ಕ್ಕೆ ಏರಿಸುವ ತೀರ್ಮಾನಕ್ಕೆ ಬಂದಿತ್ತು. 1920ಕ್ಕೆ ಮೊದಲು, ಕೊನೆಯ ಸರದಿಯಲ್ಲಿ ಗೆಲುವಿಗೆ ಬೇಕಾದ ರನ್ ಬಂದೊಡನೆ ಪಂದ್ಯ ಮುಗಿಯುತ್ತಿದ್ದುದರಿಂದ ಬೇಲಿ ದಾಟಿದ ಹೊಡೆತಕ್ಕೂ ಕಡಿಮೆ ಬೇಸ್ ಬರೆಯುತ್ತಿದ್ದರು. 1918ರಲ್ಲಿ ರೂತ್ ಹಾಗೆ ಹೊಡೆದದ್ದೊಂದು ಮೂರು ಬೇಸಿನ ಹೊಡೆತ ಎಂದು ದಾಖಲಾಗಿತ್ತು. ವಿರೋಧ ಬಂತು, ಸಮಿತಿ ಹಿಂದೆ ಸರಿಯಿತು. 1974ರಲ್ಲಿ ಹ್ಯಾಂಕ್ ಆರನ್ ರೂತ್ ಅವರನ್ನು ದಾಟಿದ ಹೊಡೆತ 715ನೆಯದು. ಸಮಿತಿ ಪಟ್ಟು ಹಿಡಿದಿದ್ದರೆ ಅಂದು ಆರನ್ ರೂತ್ ಅವರಿಗೆ ಸಮನಾಗುತ್ತಿದ್ದರು, ಅಷ್ಟೆ.

ಇದೇ ಸಮಿತಿ ಯಾವ್ಯಾವುದು ‘ಮೇಜರ್ ಲೀಗ್’, ಅಂದರೆ ಅತ್ಯುನ್ನತ ದರ್ಜೆಯ ಲೀಗ್, ಎಂದೂ ತೀರ್ಮಾನಿಸಿತು. ಆರು ಲೀಗ್‌ಗಳಿಗೆ ಆ ಪಟ್ಟ ಸಿಕ್ಕಿತು. ಅದರಲ್ಲಿ 1884ರಲ್ಲಿ ಹುಟ್ಟಿ ಅದೇ ವರ್ಷ ಸತ್ತ ಯೂನಿಯನ್ ಅಸೋಸಿಯೇಷನ್ ಕೂಡ ಒಂದು. ಅದರ ಕೆಲವು ತಂಡಗಳು ಸೀಸನ್ ಪೂರ್ತಿ ಆಡುವಷ್ಟೂ ಬದುಕಲಿಲ್ಲ. ಅದಕ್ಕೆ ಜಾಗ ಸಿಕ್ಕಿತು. ಆದರೆ 1920ರಲ್ಲಿ ರೂಬ್ ಫಾಸ್ಟರ್ ಕಾನ್ಸಾಸ್ ಸಿಟಿಯಲ್ಲಿ ಸ್ಥಾಪಿಸಿದ ನೀಗ್ರೋ ನ್ಯಾಷನಲ್ ಲೀಗ್ ಮತ್ತು ಅದರ ಜೊತೆಗೆ, ಅದರ ನಂತರ ನಡೆದ ಕರಿಯ ಆಟಗಾರರ ಲೀಗ್‌ಗಳನ್ನು ಪರಿಗಣಿಸಲೇ ಇಲ್ಲ. ಸ್ಯಾಚೆಲ್ ಪೇಜ್, ಜಾಷ್ ಗಿಬ್ಸನ್, ಆಸ್ಕರ್ ಚಾರ್ಲ್ಸ್‌ಟನ್ ಆಡಿದ ಲೀಗ್‌ಗಳವು. ಚರ್ಮದ ಬಣ್ಣದ ಕಾರಣಕ್ಕೆ ಆ ಆಟಗಾರರನ್ನು ದೊಡ್ಡ ಲೀಗ್‌ಗಳಿಂದ ಹೊರಗಿಟ್ಟರು. ಹೊರಗೆ ಆಡಿದಿರಿ ಎಂಬ ಕಾರಣಕ್ಕೆ ಪುಸ್ತಕದಿಂದಲೂ ಹೊರಗಿಟ್ಟರು. ಕಾಬ್ ಅವರ ಎರಡು ಹಿಟ್ ಒಬ್ಬ ಗುಮಾಸ್ತನ ಪೆನ್ನಿನಲ್ಲಿ ಹುಟ್ಟಿದ ತಪ್ಪು. ಇದು ಹಾಗಲ್ಲ, ಇದು ಸಾವಿರಾರು ಜನರ ದುಡಿಮೆಯನ್ನು ಲೆಕ್ಕಕ್ಕೇ ಇಲ್ಲ ಎಂದ ತಪ್ಪು.

ಅವರ ಅಂಕಿಗಳು ಇರಲಿಲ್ಲವೆ ಎಂದು ಕೇಳಬಹುದು. ಇದ್ದವು, ಚದುರಿಹೋಗಿದ್ದವು. ಈ ಲೀಗ್‌ಗಳಿಗೆ ಸಂಖ್ಯಾಶಾಸ್ತ್ರಜ್ಞರನ್ನು ಇಟ್ಟುಕೊಳ್ಳುವಷ್ಟು ಹಣವಿರಲಿಲ್ಲ. ಹೊಟ್ಟೆಪಾಡಿಗಾಗಿ ತಂಡಗಳು ಲೀಗ್ ಪಂದ್ಯಗಳ ನಡುವೆ ಊರೂರು ಸುತ್ತಿ ಸ್ಥಳೀಯ ತಂಡಗಳ ಜೊತೆ ಆಡುತ್ತಿದ್ದವು. ಯಾವುದು ಲೀಗ್ ಪಂದ್ಯ, ಯಾವುದಲ್ಲ ಎಂದು ಬೇರ್ಪಡಿಸುವುದೇ ದೊಡ್ಡ ಕೆಲಸ. ಬಿಳಿಯರ ದಿನಪತ್ರಿಕೆಗಳು ಹೆಚ್ಚಾಗಿ ಈ ಪಂದ್ಯಗಳತ್ತ ನೋಡುತ್ತಿರಲಿಲ್ಲ. ಬರೆದವರು ‘ಷಿಕಾಗೋ ಡಿಫೆಂಡರ್’, ‘ಪಿಟ್ಸ್‌ಬರ್ಗ್ ಕೊರಿಯರ್’ನಂಥ ಕರಿಯರ ಪತ್ರಿಕೆಗಳವರು. ಆಗ ಅವು ವಾರಪತ್ರಿಕೆಗಳು. ವಾರದ ಎಲ್ಲ ಪಂದ್ಯಗಳನ್ನೂ ಒಂದೆರಡು ಪುಟಗಳಲ್ಲಿ ಹಿಡಿಸಬೇಕು. ಹಾಗಾಗಿ ಕೆಲವು ಬಾಕ್ಸ್ ಸ್ಕೋರ್‌ಗಳಲ್ಲಿ ಬ್ಯಾಟಿಂಗ್ ಅವಕಾಶದ ಕಾಲಮ್ಮೇ ಇರುವುದಿಲ್ಲ, ಕೆಲವದರಲ್ಲಿ ಹೆಸರಿನ ಅರ್ಧ ಮಾತ್ರ.

ಇವನ್ನೆಲ್ಲ ಹೆಕ್ಕಿ ತಂದವರು ಯಾವ ಕಚೇರಿಯ ನೌಕರರೂ ಅಲ್ಲ. 1971ರಲ್ಲಿ ಬಾಬ್ ಡೇವಿಡ್ಸ್ ಕೂಪರ್ಸ್‌ಟೌನ್‌ನಲ್ಲಿ ಹದಿನಾರು ಜನರನ್ನು ಸೇರಿಸಿ ಬೇಸ್‌ಬಾಲ್ ಸಂಶೋಧಕರ ಒಂದು ಸಂಘ ಕಟ್ಟಿದರು. ಶಿಕ್ಷಕರು, ಗ್ರಂಥಪಾಲಕರು, ನಿವೃತ್ತರು ಆ ಸಂಘಕ್ಕೆ ಬಂದು ಸೇರಿದರು. ಡೆಲಾವೇರ್ ವಿಶ್ವವಿದ್ಯಾಲಯದ ಜೀವಶಾಸ್ತ್ರದ ಪ್ರಾಧ್ಯಾಪಕ ಡೇವಿಡ್ ಸ್ಮಿತ್ 1989ರಲ್ಲಿ ರೆಟ್ರೋಶೀಟ್ ಎಂಬ ಕೆಲಸ ಆರಂಭಿಸಿದರು: ನಡೆದ ಪ್ರತಿ ಪಂದ್ಯದ ಪ್ರತಿ ಘಟನೆಯನ್ನೂ ಹುಡುಕಿ ದಾಖಲಿಸಿ, ಕಾಸು ಕೇಳದೆ ಜಗತ್ತಿಗೆ ಕೊಡುವುದು. ಇಂಥವರ ದುಡಿಮೆಯಿಂದಲೇ 1930ರ ಹ್ಯಾಕ್ ವಿಲ್ಸನ್ ಅವರ 190 ‘ರನ್ ಬ್ಯಾಟೆಡ್ ಇನ್’ (ಬ್ಯಾಟರ್‌ನ ಹೊಡೆತದಿಂದ ತಂಡಕ್ಕೆ ಬಂದ ರನ್) ದಾಖಲೆ 191 ಆದದ್ದು. ಒಂದು ಪಂದ್ಯದಲ್ಲಿ ವಿಲ್ಸನ್ ಅವರಿಗೆ ಸಲ್ಲಬೇಕಾದ ಅಂಥದೊಂದು ರನ್, ಅವರ ಸಹ ಆಟಗಾರ ಚಾರ್ಲಿ ಗ್ರಿಮ್ ಖಾತೆಗೆ ಹೋಗಿತ್ತು. ಈ ಸಲ, 1999ರಲ್ಲಿ, ಕಮಿಷನರ್ ಕಚೇರಿ ಒಪ್ಪಿ ತಿದ್ದಿತು. ಗಮನಿಸಿ, ಕಾಬ್ ವಿಷಯದಲ್ಲಿ ಆಗದೆಂದದ್ದು ವಿಲ್ಸನ್ ವಿಷಯದಲ್ಲಿ ಆಯಿತು.

ಕರಿಯರ ಲೀಗ್‌ಗಳ ವಿಷಯದಲ್ಲೂ ಇದೇ ಬಗೆಯ ಶ್ರಮ. ಗ್ಯಾರಿ ಆಶ್ವಿಲ್ ಮತ್ತು ಜೊತೆಗಾರರು ಮೈಕ್ರೋಫಿಲ್ಮ್ ಸುರುಳಿಗಳಲ್ಲಿ ಹಳೆಯ ಪತ್ರಿಕೆಗಳನ್ನು ಓದಿ, ಬಾಕ್ಸ್ ಸ್ಕೋರ್ ಒಂದೊಂದಾಗಿ ಎತ್ತಿ, ಎರಡು ಪತ್ರಿಕೆಗಳ ಅಂಕಿ ತಾಳೆಯಾಗದಿದ್ದಲ್ಲಿ ಮೂರನೆಯದನ್ನು ಹುಡುಕಿ ‘ಸೀಮ್‌ಹೆಡ್ಸ್’ ಎಂಬ ದತ್ತಸಂಚಯ ಕಟ್ಟಿದರು. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 1920ರಿಂದ 1948ರವರೆಗಿನ ಏಳು ಲೀಗ್‌ಗಳಿಗೆ ಮೇಜರ್ ಲೀಗ್ ಸ್ಥಾನ ಕೊಟ್ಟಿತು, 1969ರ ಸಮಿತಿ ಅವನ್ನು ಬಿಟ್ಟದ್ದು ತಪ್ಪೆಂದು ಒಪ್ಪಿಕೊಂಡಿತು. ಇತಿಹಾಸಕಾರ ಜಾನ್ ಥಾರ್ನ್ ಅಧ್ಯಕ್ಷತೆಯ ಸಮಿತಿ ಅಂಕಿಗಳನ್ನು ಪರಿಶೀಲಿಸಿತು. 2024ರ ಮೇ ತಿಂಗಳ ಕೊನೆಯಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಲೆಕ್ಕ ಅಧಿಕೃತ ದಾಖಲೆಗೆ ಸೇರಿತು.

ಸೇರಿದ ದಿನ ಪಟ್ಟಿಗಳ ಮೇಲ್ಸಾಲು ಬದಲಾಯಿತು. ಜೀವಮಾನದ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಕಾಬ್ ಅವರ .367 ಎಂದು ಶಾಲೆಯ ಮಕ್ಕಳೂ ಹೇಳುತ್ತಿದ್ದರು. ಈಗ ಅಲ್ಲಿರುವುದು ಜಾಷ್ ಗಿಬ್ಸನ್, .372. ಒಂದೇ ಸೀಸನ್ನಿನ ಅತ್ಯುತ್ತಮವೂ ಅವರದೇ, 1943ರಲ್ಲಿ .466. ಹೊಡೆತದ ಬಲ ಅಳೆಯುವ ಸ್ಲಗ್ಗಿಂಗ್‌ನಲ್ಲಿ ಬೇಬ್ ರೂತ್ ಅವರ .690ನ್ನು ಹಿಂದಿಕ್ಕಿ .718. ಗಿಬ್ಸನ್ 1947ರ ಜನವರಿಯಲ್ಲಿ 35ನೇ ವಯಸ್ಸಿಗೇ ತೀರಿಕೊಂಡರು. ಅದಾಗಿ ಮೂರು ತಿಂಗಳಿಗೆ, ಏಪ್ರಿಲ್ 15ರಂದು, ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ಮೈದಾನಕ್ಕಿಳಿದು ಬಣ್ಣದ ಗೋಡೆ ಒಡೆದರು. ರಾಬಿನ್ಸನ್ ಅವರಿಗೂ 1945ರ ಕಾನ್ಸಾಸ್ ಸಿಟಿ ಮೊನಾರ್ಕ್ಸ್ ದಿನಗಳ 49 ಹಿಟ್‌ಗಳು ಸೇರಿ ಒಟ್ಟು 1,567 ಆಯಿತು. ಕ್ಯೂಬಾದಿಂದ ಬಂದ ಮಿನಿ ಮಿನ್ಯೋಸೋ ಬದುಕಿರುವವರೆಗೂ 1,963 ಹಿಟ್‌ಗಳವರು. ನ್ಯೂಯಾರ್ಕ್ ಕ್ಯೂಬನ್ಸ್ ತಂಡದಲ್ಲಿ ಹೊಡೆದ 150 ಸೇರಿದ ಮೇಲೆ ಎರಡು ಸಾವಿರ ದಾಟಿದ್ದಾರೆ. ಅಂಥ ಒಂದು ಗೆರೆ ದಾಟಿದ್ದು ಅವರಿಗೆ ತಿಳಿಯಲೇ ಇಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಈ ಕೆಲಸದ ಪ್ರಾಮಾಣಿಕತೆ ಎಲ್ಲಿದೆ ನೋಡಿ. ಗಿಬ್ಸನ್ ಅವರ ಹಾಲ್ ಆಫ್ ಫೇಮ್ ಫಲಕದಲ್ಲಿ ‘ಸುಮಾರು 800 ಹೋಮ್ ರನ್’ ಎಂದಿದೆ, ಎಲ್ಲ ಬಗೆಯ ಪಂದ್ಯಗಳನ್ನು ಸೇರಿಸಿ. ಸಂಶೋಧಕರು ಲೀಗ್ ಪಂದ್ಯಗಳಲ್ಲಿ ಬಾಕ್ಸ್ ಸ್ಕೋರ್ ಸಾಕ್ಷಿ ಇರುವುದನ್ನು ಮಾತ್ರ ಒಪ್ಪಿದರು. ಅಧಿಕೃತ ಪಟ್ಟಿಯಲ್ಲಿ ಅವರ ಹೋಮ್ ರನ್‌ಗಳು 200ಕ್ಕಿಂತ ಕಡಿಮೆ. ಗಿಬ್ಸನ್ ಅವರ ಹಿರಿಮೆಯನ್ನು ಎಲ್ಲರಿಗಿಂತ ಹೆಚ್ಚು ಬಲ್ಲವರೇ ಆ 800ನ್ನು ಬಿಟ್ಟುಕೊಟ್ಟರು. ಸಾಬೀತಾದ ಅಂಕಿಯಿಂದಲೇ ಅವರು ಕಾಬ್ ಮತ್ತು ರೂತ್ ಅವರ ಮೇಲೆ ಬಂದರು.

ಉಪನ್ಯಾಸದ ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಹಿರಿಯರೊಬ್ಬರು ಕೇಳಿದರು: “ಕಾಬ್ ಇಪ್ಪತ್ತನಾಲ್ಕು ವರ್ಷ, ಮೂರು ಸಾವಿರ ಪಂದ್ಯ ಆಡಿದವರು. ಗಿಬ್ಸನ್ ಅವರದು ಅರವತ್ತು, ಎಪ್ಪತ್ತು ಪಂದ್ಯಗಳ ಸಣ್ಣ ಸೀಸನ್‌ಗಳು. ಎರಡನ್ನೂ ಒಂದೇ ಪಟ್ಟಿಯಲ್ಲಿಡುವುದು ಸರಿಯೇ ಸರ್?” ಪ್ರಶ್ನೆ ನ್ಯಾಯವಾದದ್ದು. ಸಣ್ಣ ಸೀಸನ್ನಿನಲ್ಲಿ ಸರಾಸರಿ ಮೇಲಕ್ಕೂ ಕೆಳಕ್ಕೂ ಹೆಚ್ಚು ಜಿಗಿಯುತ್ತದೆ. ಆದರೆ 2020ರಲ್ಲಿ ಕೊರೊನಾ ಕಾರಣಕ್ಕೆ ಮೇಜರ್ ಲೀಗ್ ತಂಡಗಳು ತಲಾ ಅರವತ್ತು ಪಂದ್ಯಗಳ ಸೀಸನ್ ಆಡಿದವು; ಅದನ್ನು ಯಾರೂ ಪುಸ್ತಕದಿಂದ ಕಿತ್ತುಹಾಕಲಿಲ್ಲ. ಇನ್ನೊಂದು ಮಾತು. ಗಿಬ್ಸನ್ ಎದುರಿಸಿದ ಪಿಚರ್‌ಗಳ ಮಟ್ಟ ಏನು ಎಂದು ಕೇಳುವವರು, ಕಾಬ್ ತಮ್ಮ ಲೀಗಿನಲ್ಲಿ ಒಬ್ಬ ಕರಿಯ ಪಿಚರನ್ನೂ ಎದುರಿಸಬೇಕಾಗಿ ಬರಲಿಲ್ಲ ಎಂಬುದನ್ನೂ ಕೇಳಬೇಕು. ಎರಡು ಅಂಕಿಗಳೂ ಒಡೆದ ಲೀಗ್‌ಗಳ ಅಂಕಿಗಳೇ. ಪಂದ್ಯಗಳ ಸಂಖ್ಯೆಯನ್ನು ಪಕ್ಕದಲ್ಲೇ ಬರೆದು ಗಿಬ್ಸನ್ ಅವರನ್ನು ಮೇಲಿಡುವುದು ಸರಿ ಎಂದೇ ನನ್ನ ಅಭಿಪ್ರಾಯ.

ಕಾಲೇಜು ವಿದ್ಯಾರ್ಥಿನಿಯೊಬ್ಬರು, “ಹಾಗಾದರೆ ಈಗ ಲೆಕ್ಕ ಮುಗಿಯಿತೆ?” ಎಂದರು. ಇಲ್ಲಮ್ಮ. 2024ರಲ್ಲಿ ಅಂಕಿ ಸೇರಿಸಿದಾಗ ಆ ಲೀಗ್‌ಗಳ ಬಾಕ್ಸ್ ಸ್ಕೋರ್‌ಗಳಲ್ಲಿ ಸಿಕ್ಕಿದ್ದು ಸುಮಾರು ಮುಕ್ಕಾಲು ಪಾಲು. ಹೊಸದು ಸಿಕ್ಕಿದಂತೆ ಅಂಕಿ ಬದಲಾಗುತ್ತದೆ ಎಂದು ಸಮಿತಿಯೇ ಹೇಳಿದೆ. ವಿಲಿ ಮೇಸ್ 1948ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿದ್ದಾಗ, ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡಕ್ಕೆ ಆಡಿದ್ದರು. ಆ ದಿನಗಳ ಹತ್ತು ಹಿಟ್ ಸೇರಿ ಅವರ ಮೊತ್ತ 3,283ರಿಂದ 3,293 ಆಯಿತು. ಆ ವರ್ಷ ಅವರು ಒಂದು ಹೋಮ್ ರನ್ ಹೊಡೆದ ಬಗ್ಗೆ ಪತ್ರಿಕೆಯ ವರದಿ ಇದೆ, ಆದರೆ ಆ ಪಂದ್ಯದ ಬಾಕ್ಸ್ ಸ್ಕೋರ್ ಸಿಕ್ಕಿಲ್ಲ. ಹಾಗಾಗಿ ಅವರ ಹೋಮ್ ರನ್‌ಗಳು ಮೊದಲಿನಂತೆ 660. ಹುಡುಕುವವರು ಇನ್ನೂ ಹುಡುಕುತ್ತಿದ್ದಾರೆ. ಆ ಕೋಷ್ಟಕ ಕೈಗೆ ಸಿಕ್ಕಿದ ದಿನ ಅದು 661 ಆಗುತ್ತದೆ.